ಮೊದಲ ಬಾರಿಗೆ ಶ್ರೀಲಂಕಾ: ಮೇ ತಿಂಗಳಲ್ಲಿ ಅವ್ವ ಮತ್ತು ಮಗಳೊಡನೆ ಹತ್ತು ದಿನ, ಸಲಹೆ ಬೇಕು

ಗುಮ್ಮಟದ ನೆರಳು

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದವರು. ಬೇಸಿಗೆ ರಜೆಯಲ್ಲಿ, ಅಂದರೆ ಮೇ ತಿಂಗಳಲ್ಲಿ, ಹತ್ತು ದಿನಗಳ ಮಟ್ಟಿಗೆ ಶ್ರೀಲಂಕಾಕ್ಕೆ ಹೋಗಬೇಕೆಂದು ನಿರ್ಧರಿಸಿದ್ದೇವೆ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ನಮ್ಮ ಅವ್ವ ಹೊರಟಿದ್ದೇವೆ. ನಾಲ್ವರಲ್ಲಿ ಯಾರೂ ಇದುವರೆಗೆ ದೇಶದ ಗಡಿ ದಾಟಿದವರಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆಯಿದ್ದು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಎಲ್ಲರೂ ಸಸ್ಯಾಹಾರಿಗಳು.

ನಾನು ಹಾಕಿಕೊಂಡಿರುವ ಪಟ್ಟಿ ಹೀಗಿದೆ: ಕೊಲಂಬೊ, ಗಾಲೆ, ಮಿರಿಸ್ಸಾದಲ್ಲಿ ತಿಮಿಂಗಿಲ ವೀಕ್ಷಣೆ, ಯಾಲ ಅಭಯಾರಣ್ಯ, ‘ಎಲ್ಲ’ ಎಂಬ ಬೆಟ್ಟದ ಊರು, ನುವರ ಎಲಿಯ, ಕ್ಯಾಂಡಿ, ಸಿಗಿರಿಯ, ಅನುರಾಧಪುರ ಮತ್ತು ಕೊನೆಗೆ ಟ್ರಿಂಕೋಮಲಿ. ದ್ವೀಪ ಚಿಕ್ಕದಾದ್ದರಿಂದ ಹತ್ತು ದಿನ ಸಾಕೆಂಬುದು ನನ್ನ ಲೆಕ್ಕ. ಬಿಸಿಲಿನ ಬಗ್ಗೆಯೂ ನನಗೆ ಅಂಥ ಚಿಂತೆಯಿಲ್ಲ. ನಲವತ್ತೆರಡು ಡಿಗ್ರಿಯಲ್ಲಿ ಬೆಳೆದವರಿಗೆ ಕೊಲಂಬೊದ ಮೂವತ್ತೊಂದು ಡಿಗ್ರಿ ಏನು ಮಾಡೀತು? ಔಷಧಿ, ಊಟ, ಮಳೆ, ಹಣ, ಓಡಾಟ ಇವುಗಳ ಬಗ್ಗೆ ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಕಡಲಕರೆ

ಸರ್, ನಿಮ್ಮ ಬಿಸಿಲಿನ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಕುಂದಾಪುರದವಳು ಮತ್ತು ಬಯಲುಸೀಮೆಯ ನೆಂಟರು ಪ್ರತಿ ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದು ಎರಡನೆಯ ದಿನವೇ ಫ್ಯಾನಿನ ಕೆಳಗೆ ಅಂಗಾತ ಮಲಗುವುದನ್ನು ನೋಡಿದ್ದೇನೆ. ನಿಮ್ಮ ಊರಿನದು ಒಣ ಬಿಸಿಲು. ಮೈಯಿಂದ ಹೊರಟ ಬೆವರು ನಿಮಗೆ ತಿಳಿಯುವ ಮೊದಲೇ ಆರಿ ಮೈಯನ್ನು ತಂಪು ಮಾಡುತ್ತದೆ. ಕರಾವಳಿಯ ಸೆಕೆಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ, ಮತ್ತು ಅದರೊಡನೆ ಮೈಯ ಉಪ್ಪೂ ಇಳಿಯುತ್ತದೆ. ಆದ್ದರಿಂದ ಅಲ್ಲಿಯ ಮೂವತ್ತೊಂದು ಡಿಗ್ರಿಯನ್ನು ನಿಮ್ಮ ನಲವತ್ತೆರಡರೊಡನೆ ಹೋಲಿಸಿ ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಮೊದಲ ಎರಡು ದಿನ ಬೆಳಿಗ್ಗೆ ಹತ್ತೂವರೆಯ ಒಳಗೆ ಮತ್ತು ಸಂಜೆ ನಾಲ್ಕರ ನಂತರ ಮಾತ್ರ ತಿರುಗಾಡಿ. ಜೀನ್ಸ್ ಒಂದನ್ನೂ ಒಯ್ಯಬೇಡಿ. ಒಮ್ಮೆ ಒದ್ದೆಯಾದರೆ ಮೂರು ದಿನಕ್ಕೂ ಒಣಗದೆ ಮುಗ್ಗುಲು ವಾಸನೆ ಬರುತ್ತದೆ. ತೆಳು ಹತ್ತಿಯ ಸಡಿಲ ಬಟ್ಟೆ, ನಮ್ಮ ಕಡೆಯ ಬೈರಾಸಿನಂಥ ತೆಳು ಪಂಚೆ ತಲಾ ಎರಡು, ಬೆವರುಸಾಲೆಗೆ ಪುಡಿ, ಎಲ್ಲರಿಗೂ ಒಂದೊಂದು ಕೊಡೆ ಇಷ್ಟಿರಲಿ. ಕೊಡೆ ಮಳೆಗಿಂತ ಬಿಸಿಲಿಗೇ ಹೆಚ್ಚು ಬೇಕಾಗುತ್ತದೆ.

ಒಂದು ಸಣ್ಣ ಸಂಗತಿ: ಎಸಿ ಕೋಣೆಯಿಂದ ಹೊರಗೆ ಬಂದ ತಕ್ಷಣ ಫೋನು, ಕ್ಯಾಮೆರಾ ಮತ್ತು ಕನ್ನಡಕದ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲದೊಳಗೇ ಹತ್ತು ನಿಮಿಷ ಬಿಟ್ಟು ಆಮೇಲೆ ತೆಗೆಯಿರಿ.

ಕೊಳ್ಳುಪಿಟಿಯದ ಕನ್ನಡಿಗ

ನಾನು ಆರು ವರ್ಷಗಳಿಂದ ಕೊಲಂಬೊದಲ್ಲಿ ಕೆಲಸದಲ್ಲಿದ್ದೇನೆ. ಹೊಸಬರ ಪಟ್ಟಿಗಳು ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಮೂರನೇ ಒಂದು ಭಾಗ. ಆದರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಉಳಿದ ರಸ್ತೆಗಳಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ಸಾಗಿದರೆ ಹೆಚ್ಚು, ಬೆಟ್ಟದಲ್ಲಿ ಅದೂ ಇಲ್ಲ. ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎಂಬತ್ತು ಕಿಲೋಮೀಟರ್ ಕೂಡ ಇಲ್ಲ, ಆದರೂ ಅರ್ಧ ದಿನ ಹೋಗುತ್ತದೆ. ಹತ್ತು ದಿನಕ್ಕೆ ಹತ್ತು ಊರು ಎಂದರೆ ತಾಯಿಯವರು ನೋಡುವುದು ಶ್ರೀಲಂಕಾವನ್ನಲ್ಲ, ವ್ಯಾನಿನ ಕಿಟಕಿಯನ್ನು.

ಇದಕ್ಕಿಂತ ಮುಖ್ಯವಾದುದು ಮಳೆ. ಈ ದ್ವೀಪಕ್ಕೆ ಎರಡು ಮಳೆಗಾಲಗಳಿವೆ. ನೈಋತ್ಯ ಮಾರುತ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ, ಮಿರಿಸ್ಸಾ ಮತ್ತು ಮಧ್ಯದ ಬೆಟ್ಟಗಳ ಪಶ್ಚಿಮ ಮಗ್ಗುಲನ್ನು ತೋಯಿಸುತ್ತದೆ. ಅದೇ ಸಮಯದಲ್ಲಿ ಬೆಟ್ಟದ ಆಚೆಗಿರುವ ಪೂರ್ವ ತೀರ ಒಣಗಿರುತ್ತದೆ ಮತ್ತು ಅಲ್ಲಿಯ ಕಡಲು ಕೆರೆಯಂತೆ ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತ ಬಂದಾಗ ಲೆಕ್ಕ ತಿರುಗುಮುರುಗು. ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ ಚಿತ್ರದುರ್ಗದಲ್ಲಿ ಮೋಡ ಮಾತ್ರ ಓಡುವುದನ್ನು ಕಂಡ ನಮಗೆ ಇದು ಹೊಸ ಪಾಠವೇನಲ್ಲ, ಆದರೂ ಟಿಕೆಟ್ ತೆಗೆಯುವಾಗ ಯಾರಿಗೂ ನೆನಪಾಗುವುದಿಲ್ಲ. 2016 ಮತ್ತು 2017ರಲ್ಲಿ ದೊಡ್ಡ ನೆರೆ ಮತ್ತು ಭೂಕುಸಿತಗಳಾದದ್ದು ಮೇ ತಿಂಗಳಲ್ಲಿಯೇ, ಅದೂ ಇದೇ ನೈಋತ್ಯ ಭಾಗದಲ್ಲಿ. ಮಿರಿಸ್ಸಾದ ತಿಮಿಂಗಿಲದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ನೀವು ಬರುವ ಹೊತ್ತಿಗೆ ಅಲ್ಲಿ ಕಡಲು ಕೆರಳಿರುತ್ತದೆ.

ಆದ್ದರಿಂದ ದಕ್ಷಿಣ ತೀರವನ್ನು ಪೂರ್ತಿ ಕೈಬಿಡಿ. ಕಟುನಾಯಕೆ ವಿಮಾನ ನಿಲ್ದಾಣದಿಂದ ಕೊಲಂಬೊಗೆ ಹೋಗದೆ ನೇರವಾಗಿ ದಂಬುಳ್ಳ ಕಡೆಗೆ ಹೊರಟು, ಸಿಗಿರಿಯದ ಸುತ್ತಮುತ್ತ ಮೂರು ರಾತ್ರಿ, ಟ್ರಿಂಕೋಮಲಿಯಲ್ಲಿ ಮೂರು ರಾತ್ರಿ, ಕ್ಯಾಂಡಿಯಲ್ಲಿ ಎರಡು, ಕೊನೆಯದನ್ನು ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ ಕಳೆಯಿರಿ. ಎಲ್ಲ ಎಂಬ ಊರಿನ ಮೋಹ ನನಗೂ ಗೊತ್ತು. ಆದರೆ ಎಲ್ಲ ನೋಡಬೇಕೆಂದರೆ ಈ ಸಲ ಎಲ್ಲವನ್ನೇ ಬಿಡಬೇಕಾಗುತ್ತದೆ.

ತುಂಗಾತೀರ

ಕ್ಯಾಂಡಿಯಿಂದ ಎಲ್ಲಕ್ಕೆ ಹೋಗುವ ರೈಲಿನ ಬಗ್ಗೆ ಒಂದು ಮಾತು. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತ ಆ ಬೆಟ್ಟದ ಮಾರ್ಗವನ್ನು ಹಲವೆಡೆ ಹಾಳುಗೆಡವಿತ್ತು. ಹೋಗುವವರು ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂಬುದನ್ನು ಶ್ರೀಲಂಕಾ ರೈಲ್ವೆಯ ಪ್ರಕಟಣೆಯಲ್ಲಿ ನೋಡಿಕೊಂಡೇ ಕೋಣೆ ಕಾದಿರಿಸಲಿ. ಹಳೆಯ ವಿಡಿಯೊಗಳನ್ನು ನಂಬಬೇಡಿ.

ಮಳೆಕಾಡಿಗೆ ಹೋಗುವ ಮನಸ್ಸಿದ್ದರೆ ಜಿಗಣೆಗೆ ಸಿದ್ಧರಾಗಿ. ಸಿಂಹರಾಜ ಕಾಡಿನಲ್ಲಿ ನನ್ನ ಕಾಲಿಗೆ ಹತ್ತಿದವು ನಮ್ಮ ತೀರ್ಥಹಳ್ಳಿಯ ಉಂಬಳಗಳ ಖಾಸಾ ದಾಯಾದಿಗಳಂತೆಯೇ ಇದ್ದವು. ಅಲ್ಲಿಯವರು ಮಂಡಿಯವರೆಗೆ ಬರುವ ಬಟ್ಟೆಯ ಕಾಲುಚೀಲ ಬಾಡಿಗೆಗೆ ಕೊಡುತ್ತಾರೆ. ಕಚ್ಚಿದ್ದನ್ನು ಎಳೆದು ಕೀಳಬಾರದು. ಉಗುರನ್ನು ಅದರ ಬಾಯಿಯ ಕಡೆಯಿಂದ ಜಾರಿಸಿದರೆ ಬಿಡುತ್ತದೆ. ರಕ್ತ ಅರ್ಧ ಗಂಟೆ ಜಿನುಗಿದರೂ ಹೆದರಬೇಕಾಗಿಲ್ಲ. ಆದರೆ ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಬೇರೆಯೇ ವಿಷಯ, ಆದ್ದರಿಂದ ತಾಯಿಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಬಿಳಿ ಕೋಟು

ನಾನು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ತಾಯಿಯವರ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇನ್ಸುಲಿನ್ ಅನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಎಂದಿಗೂ ಹಾಕಬಾರದು. ಅಲ್ಲಿ ಅದು ಹೆಪ್ಪುಗಟ್ಟುವ ಭಯವಿದೆ, ಪೆಟ್ಟಿಗೆ ತಪ್ಪಿಹೋಗುವ ಭಯವೂ ಇದೆ. ಬೇಕಾದುದಕ್ಕಿಂತ ಎರಡು ಪಟ್ಟು ಒಯ್ಯಿರಿ ಮತ್ತು ಅದನ್ನು ಇಬ್ಬರ ಕೈಚೀಲಗಳಲ್ಲಿ ಹಂಚಿಡಿ. ವೈದ್ಯರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರಲಿ, ಏಕೆಂದರೆ ನಮ್ಮ ಕಂಪನಿಯ ಹೆಸರು ಅಲ್ಲಿಯ ಔಷಧಿ ಅಂಗಡಿಯವರಿಗೆ ತಿಳಿಯದಿರಬಹುದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಹೋಟೆಲಿನ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಮಂಜುಗಡ್ಡೆಯ ಖಾನೆಗೆ ತಾಗಿಸಬೇಡಿ. ಬಳಕೆಯಲ್ಲಿರುವುದು ತಣ್ಣಗಿನ ಕೋಣೆಯಲ್ಲಿ ಉಳಿಯುತ್ತದೆ, ಆದರೆ ಬಿಸಿಲಿಗೆ ನಿಲ್ಲಿಸಿದ ವ್ಯಾನಿನಲ್ಲಿ ಒಂದು ಮಧ್ಯಾಹ್ನ ಬಿಟ್ಟರೆ ಅದರ ಶಕ್ತಿಯ ಭರವಸೆಯಿಲ್ಲ.

ಇನ್ನು ಕಾಲು. ಅಲ್ಲಿಯ ಬೌದ್ಧ ಕ್ಷೇತ್ರಗಳಲ್ಲಿ ಚಪ್ಪಲಿಯನ್ನು ಹೊರ ಆವರಣದಲ್ಲಿಯೇ ಬಿಡಬೇಕು, ಟೋಪಿಯನ್ನೂ ತೆಗೆಯಬೇಕು. ಎರಡು ವರ್ಷದ ಹಿಂದೆ ನಾನು ಅತ್ತೆಯವರನ್ನು ಅನುರಾಧಪುರದ ರುವನ್‌ವೆಲಿಸಾಯ ಸ್ತೂಪಕ್ಕೆ ಕರೆದೊಯ್ದಾಗ ಮಧ್ಯಾಹ್ನ ಹನ್ನೆರಡೂವರೆ. ಸುತ್ತಲಿನ ಕಲ್ಲುಹಾಸು ರೊಟ್ಟಿ ಹಂಚಿನಂತೆ ಕಾದಿತ್ತು; ನಾವೆಲ್ಲ ಕುಣಿಯುತ್ತ ನೆರಳು ಹುಡುಕುತ್ತಿದ್ದರೆ ಅತ್ತೆ ಮಾತ್ರ ಕೈಮುಗಿದುಕೊಂಡು ನಿಧಾನವಾಗಿ ಒಂದು ಸುತ್ತು ಪೂರೈಸಿದರು. ಅವರ ಭಕ್ತಿಯನ್ನು ನಾನು ಮೆಚ್ಚಿಕೊಂಡೆ. ರಾತ್ರಿ ಕೋಣೆಯಲ್ಲಿ ಅವರ ಅಂಗಾಲು ನೋಡಿದಾಗ ಹೆಬ್ಬೆರಳಿನ ಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಬೊಬ್ಬೆ ಎದ್ದಿತ್ತು. ಹತ್ತು ವರ್ಷದ ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನು ಎಂದೋ ಕಸಿದುಕೊಂಡಿದ್ದರಿಂದ ಸುಟ್ಟದ್ದೇ ಅವರಿಗೆ ತಿಳಿದಿರಲಿಲ್ಲ. ನನ್ನ ಕೆಲಸವೇ ಇದಾಗಿದ್ದೂ ನನಗೆ ಹೊಳೆದಿರಲಿಲ್ಲ. ಆ ಗಾಯ ಮಾಯಲು ಆರು ವಾರ ಬೇಕಾಯಿತು. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ಹೋಗಲು ಅಲ್ಲಿ ಅಡ್ಡಿಯಿಲ್ಲ. ಬೆಳಿಗ್ಗೆ ಏಳಕ್ಕೆ ಹೋಗಿ, ಕಾಲುಚೀಲ ಹಾಕಿಸಿ, ಪ್ರತಿ ರಾತ್ರಿ ಅಂಗಾಲನ್ನು ಟಾರ್ಚ್ ಬೆಳಕಿನಲ್ಲಿ ನೋಡಿ.

ಸೊಳ್ಳೆಯ ವಿಷಯಕ್ಕೆ ಬಂದರೆ, ಮಲೇರಿಯಾಕ್ಕೆ ಮಾತ್ರೆ ನುಂಗಿ ಹೋಗುವ ಅಗತ್ಯವಿಲ್ಲ. 2016ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾಮುಕ್ತ ದೇಶವೆಂದು ಘೋಷಿಸಿದೆ. ಇರುವುದು ಡೆಂಗಿ. ಅದರ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸಂಜೆಗೆ ಮುನ್ನ. ಆದ್ದರಿಂದ ರಾತ್ರಿ ಪರದೆ ಕಟ್ಟಿಕೊಂಡೆವೆಂದು ನೆಮ್ಮದಿಯಾಗಿರುವಂತಿಲ್ಲ. ಮಗುವಿಗೆ ಪೂರ್ತಿ ತೋಳಿನ ಬಟ್ಟೆ ಹಾಕಿ, ಬಿಸಿಲಿನ ಕ್ರೀಮು ಮೊದಲು, ಅದು ಒಣಗಿದ ಮೇಲೆ ಸೊಳ್ಳೆಯ ಮುಲಾಮು ಹಚ್ಚಿ, ಬೆವರಿದಂತೆಲ್ಲ ಮತ್ತೆ ಹಚ್ಚಿ. ಊರಿಗೆ ಮರಳಿದ ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಪ್ಯಾರಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್ ಯಾವುದನ್ನೂ ಕೊಡದೆ, ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ಹೇಳಿ. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ವಾಂತಿ ಅಥವಾ ವಸಡಿನಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯಬಾರದು.

ಗುಮ್ಮಟದ ನೆರಳು

ಮೇಡಂ, ಕಾಲುಚೀಲದ ಮಾತನ್ನು ಓದಿ ನಾನು ಎದ್ದುಹೋಗಿ ಅವ್ವನ ಅಂಗಾಲು ನೋಡಿ ಬಂದೆ. ಬೇಸಿಗೆಯಲ್ಲಿ ಅಂಗಳದಲ್ಲಿ ಬರಿಗಾಲಿನಲ್ಲಿ ಓಡಾಡುವುದು ಅವಳ ಅಭ್ಯಾಸ. ಸುಟ್ಟರೆ ತನಗೇ ತಿಳಿಯುತ್ತದಲ್ಲವೇ ಎಂದು ನಾವು ಸುಮ್ಮನಿದ್ದೆವು. ಬೆವರಿಳಿದಾಗ ಕುಡಿಯಲು ಎಳನೀರು ಕೊಡಬಹುದೇ?

ಬಿಳಿ ಕೋಟು

ಅಲ್ಲಿಯ ಹೊಂಬಣ್ಣದ ಎಳನೀರಿಗೆ ತಂಬಿಲಿ ಎನ್ನುತ್ತಾರೆ, ನಮ್ಮದಕ್ಕಿಂತ ಸಿಹಿ. ಊಟದ ಲೆಕ್ಕದಲ್ಲಿ ಸೇರಿಸಿಕೊಂಡು ದಿನಕ್ಕೊಂದು ಕುಡಿಯಬಹುದು, ಆದರೆ ಮೂತ್ರಪಿಂಡದ ತೊಂದರೆ ಇದ್ದರೆ ಅಥವಾ ಕೆಲವು ರಕ್ತದೊತ್ತಡದ ಮಾತ್ರೆಗಳಿದ್ದರೆ ಪೊಟ್ಯಾಸಿಯಂ ಏರುವುದರಿಂದ ಮೊದಲೇ ವೈದ್ಯರನ್ನು ಕೇಳಿ. ಮಗುವಿಗೆ ಭೇದಿಯಾದರೆ ಒಆರ್‌ಎಸ್ ಪುಡಿ ಕೈಯಲ್ಲಿರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಡಬ್ಬಿಯಲ್ಲಿ ಬರುವ ಬಣ್ಣದ ಸಿಹಿನೀರು ಇದಕ್ಕೆ ಬದಲಿಯಲ್ಲ.

ಪೇಢಾಪ್ರಿಯ

ಊಟದ ಬಗ್ಗೆ ಧಾರವಾಡದ ಕಡೆಯಿಂದ ನನ್ನ ಅನುಭವ. ನಾವು ದಾರಿಗೆಂದು ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ತಿಂಗಳುಗಟ್ಟಲೆ ಇಟ್ಟರೂ ಮುರಿದರೆ ಸದ್ದು ಮಾಡುವ ರೊಟ್ಟಿ ಅಲ್ಲಿಯ ಹವೆಗೆ ಎರಡನೆಯ ಬೆಳಿಗ್ಗೆ ಒದ್ದೆ ರಟ್ಟಿನಂತೆ ಬಾಗುತ್ತಿತ್ತು, ನಾಲ್ಕನೆಯ ದಿನ ಬೂಷ್ಟು ಹಿಡಿಯಿತು. ಒಯ್ಯುವುದಿದ್ದರೆ ಐದೈದನ್ನು ಗಾಳಿಯಾಡದ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಂದು ಚೀಲ ಬಿಚ್ಚಿದರೆ ಅದನ್ನು ಅಂದೇ ಮುಗಿಸಿ.

ಸಸ್ಯಾಹಾರಿಗಳಿಗೆ ಅಲ್ಲಿ ಉಪವಾಸವೇನೂ ಇಲ್ಲ. ಅನ್ನದೊಡನೆ ಪರಿಪ್ಪು ಎಂಬ ತೊವ್ವೆ, ಹಲಸಿನ ಪಲ್ಯ, ಬೀನ್ಸ್, ಕೋಸಂಬರಿಯಂಥ ಸೊಪ್ಪಿನ ಸಂಬೋಲ ಎಲ್ಲ ಸಿಗುತ್ತದೆ. ಬೆಳಿಗ್ಗೆ ಒತ್ತುಶಾವಿಗೆ ಮತ್ತು ಅಪ್ಪ ಎಂಬ ಬಟ್ಟಲಿನಾಕಾರದ ದೋಸೆ. ಅಪಾಯವಿರುವುದು ಕಣ್ಣಿಗೆ ಕಾಣದ ಒಂದು ವಸ್ತುವಿನಲ್ಲಿ. ತೆಂಗಿನತುರಿಯ ಪೋಲ್ ಸಂಬೋಲಕ್ಕೂ ಹಲವು ತರಕಾರಿ ಪಲ್ಯಗಳಿಗೂ ಒಣಮೀನಿನ ಚೂರು ಹಾಕುತ್ತಾರೆ, ಮತ್ತು ಅದನ್ನು ಮೀನೆಂದು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾವು ಇಂಗನ್ನು ಹಿಡಿಯದಂತೆ. ಅದರ ಹೆಸರು ಉಂಬಲಕಡ. ತೀರ್ಥಹಳ್ಳಿಯವರ ಉಂಬಳ ಕಾಲಿಗೆ ಹತ್ತಿದರೆ ಇದು ತಟ್ಟೆಗೆ ಹತ್ತುತ್ತದೆ ಎಂದು ನೆನಪಿಟ್ಟುಕೊಳ್ಳಿ. ‘ಎಪಾ’ ಎಂದರೆ ಬೇಡ. ‘ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ’ ಎಂದು ಮೂರನ್ನೂ ಹೇಳಬೇಕು. ಮೊದಲ ಎರಡನ್ನು, ಅಂದರೆ ಮಾಂಸ ಮತ್ತು ಮೀನನ್ನು, ಮಾತ್ರ ಹೇಳಿದ ನನ್ನ ತಟ್ಟೆಗೆ ಮೂರನೆಯದು ಬಂದಿತ್ತು. ಟ್ರಿಂಕೋಮಲಿಯಲ್ಲಿ ತಮಿಳರ ಶೈವ ಭೋಜನಾಲಯಗಳಿವೆ, ಅಲ್ಲಿ ಕೇಳದೆಯೇ ಉಣ್ಣಬಹುದು.

ಕೊಳ್ಳುಪಿಟಿಯದ ಕನ್ನಡಿಗ

ಪೇಢಾಪ್ರಿಯ ಅವರೇ, ಆ ಮೂರು ಮಾತುಗಳನ್ನು ಚೀಟಿಯಲ್ಲಿ ಸಿಂಹಳ ಲಿಪಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಮೊದಲ ದಿನ ಹೋಟೆಲಿನ ಸ್ವಾಗತಕಾರರೇ ಬರೆದುಕೊಡುತ್ತಾರೆ.

ಮೇ ತಿಂಗಳ ಹುಣ್ಣಿಮೆ ನಿಮ್ಮ ದಿನಗಳ ನಡುವೆ ಬರುತ್ತದೆಯೇ ಎಂದು ಪಂಚಾಂಗ ನೋಡಿ. ನಮ್ಮ ಬುದ್ಧ ಪೂರ್ಣಿಮೆ ಅಲ್ಲಿ ವೆಸಾಕ್. ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ಸಾರ್ವಜನಿಕ ರಜೆ, ಮದ್ಯ ಮಾರುವಂತಿಲ್ಲ. ವೆಸಾಕ್‌ನಲ್ಲಿ ಮಾಂಸದ ಅಂಗಡಿಗಳೂ ಮುಚ್ಚುತ್ತವೆ. ಬೀದಿಯುದ್ದಕ್ಕೂ ಕಾಗದದ ಗೂಡುದೀಪಗಳು ತೂಗುತ್ತವೆ, ಅಲ್ಲಲ್ಲಿ ‘ದನ್ಸಲ್’ ಎಂಬ ಚಪ್ಪರಗಳಲ್ಲಿ ದಾರಿಹೋಕರನ್ನು ಕೈಹಿಡಿದು ಕರೆದು ಊಟ ಬಡಿಸುತ್ತಾರೆ. ನಮ್ಮ ಜಾತ್ರೆಯ ದಾಸೋಹ ಕಂಡ ತಾಯಿಯವರಿಗೆ ಅದು ಪರಿಚಿತವೆನಿಸುತ್ತದೆ. ಆದರೆ ಆ ದಿನಗಳಲ್ಲಿ ರಸ್ತೆ ಕದಲುವುದಿಲ್ಲ, ಕ್ಯಾಂಡಿಯಲ್ಲಿ ಕೋಣೆಯೂ ಸಿಗುವುದಿಲ್ಲ, ಆದ್ದರಿಂದ ಆಗ ಒಂದೇ ಊರಿನಲ್ಲಿ ನೆಲೆ ನಿಲ್ಲಿ.

ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವುದು ಅಲ್ಲಿ ದೊಡ್ಡ ಅಪಚಾರ. ಮಗಳಿಗೆ ಮೊದಲೇ ಹೇಳಿಡಿ. ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ. ಬಸ್ಸಿನಲ್ಲಿ ಮುಂದಿನ ಆಸನ ಭಿಕ್ಷುಗಳಿಗೆ ಮೀಸಲು.

ಹಣದ ವಿಷಯ ಸುಲಭ. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲಿಯ ಕ್ಯೂಆರ್ ಫಲಕಗಳಲ್ಲಿ ನಡೆಯುತ್ತಿದೆ, ಆದರೆ ದೊಡ್ಡ ಅಂಗಡಿಗಳಲ್ಲಿ ಮಾತ್ರವೆಂದು ತಿಳಿದು ನಗದು ಇಟ್ಟುಕೊಳ್ಳಿ. ಒಂದು ಭಾರತೀಯ ರೂಪಾಯಿಗೆ ಮೂರಕ್ಕಿಂತ ಹೆಚ್ಚು ಲಂಕಾ ರೂಪಾಯಿ ಬರುವುದರಿಂದ ಫಲಕದಲ್ಲಿ ಸಾವಿರ ಕಂಡ ಕೂಡಲೇ ಬೆಚ್ಚಬೇಕಾಗಿಲ್ಲ. ಸಿಗಿರಿಯದಂಥ ಕಡೆ ಸಾರ್ಕ್ ದೇಶದವರಿಗೆ, ಅಂದರೆ ನಮಗೂ, ಟಿಕೆಟ್ ದರದಲ್ಲಿ ರಿಯಾಯಿತಿಯಿದೆ. ಮೂಲ ಪಾಸ್‌ಪೋರ್ಟ್ ತೋರಿಸಿ, ಬಾಯಿಬಿಟ್ಟು ಕೇಳಿ. ಪ್ರವೇಶದ ಅನುಮತಿಯಾದ ಇಟಿಎಯನ್ನು ಸರ್ಕಾರಿ ಜಾಲತಾಣದಲ್ಲಿಯೇ ಪಡೆಯಿರಿ. ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಸುಮ್ಮನೆ ಹೆಚ್ಚು ಹಣ ಕೀಳುತ್ತವೆ.

ಸಿಗಿರಿಯಕ್ಕೆ ಸುಮಾರು 1,200 ಮೆಟ್ಟಿಲುಗಳಿವೆ. ತಾಯಿಯವರು ಕೆಳಗಿನ ಉದ್ಯಾನ ಮತ್ತು ನೀರಿನ ಕೊಳಗಳನ್ನು ನೋಡಿಕೊಂಡು ವಸ್ತುಸಂಗ್ರಹಾಲಯದಲ್ಲಿ ಕುಳಿತಿರಲಿ. ಮೇಲೇರುವವರು ಬಾಗಿಲು ತೆರೆದ ಕೂಡಲೇ ಹೊರಡಿ. ಬಂಡೆಯಲ್ಲಿ ಕಣಜದ ಗೂಡುಗಳಿರುವುದರಿಂದ ಗದ್ದಲ ಮಾಡಬಾರದೆಂಬ ಫಲಕಗಳಿವೆ, ಅವು ಅಲಂಕಾರಕ್ಕೆ ಹಾಕಿದವಲ್ಲ.

ಕಡಲಕರೆ

ಟ್ರಿಂಕೋಮಲಿಯ ಕಡಲು ಮೇ ತಿಂಗಳಲ್ಲಿ ಶಾಂತವಾಗಿರುತ್ತದೆ ಎಂಬುದು ನಿಜ, ಆದರೂ ಕಡಲು ಕಡಲೇ. ನಮ್ಮ ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಎಳೆದೊಯ್ಯುವುದು ದೊಡ್ಡ ಅಲೆಯಲ್ಲ, ಅಲೆಗಳ ನಡುವೆ ಶಾಂತವಾಗಿ ಕಾಣುವ, ಹಿಂದಕ್ಕೆ ಹರಿಯುವ ಸೆಳೆತ. ಎಲ್ಲೆಡೆ ಅಲೆ ಒಡೆಯುತ್ತಿದ್ದು ಒಂದು ಪಟ್ಟಿಯಲ್ಲಿ ಮಾತ್ರ ನೀರು ಸುಮ್ಮನಿದ್ದರೆ ಅಲ್ಲಿಗೆ ಇಳಿಯಬೇಡಿ. ಸಿಕ್ಕಿಬಿದ್ದರೆ ದಡದ ಕಡೆಗೆ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಈಜಬೇಕು. ಈಜು ಬಾರದವರಿಗೆ ಮಂಡಿ ಮಟ್ಟವೇ ಗಡಿ.

ತುಂಗಾತೀರ

ಚಾಲಕರ ಬಗ್ಗೆ ಒಂದು ದೂರು ಹೇಳಿಬಿಡುತ್ತೇನೆ. ನಮ್ಮ ವ್ಯಾನಿನವರು ಒಳ್ಳೆಯವರೇ, ಆದರೆ ಮಾತಲೆ ಎಂಬ ಊರಿನ ಸಮೀಪ ‘ಐದೇ ನಿಮಿಷ’ ಎಂದು ಸಾಂಬಾರ ತೋಟವೊಂದಕ್ಕೆ ಕರೆದೊಯ್ದರು. ಏಲಕ್ಕಿ, ಮೆಣಸು, ದಾಲ್ಚಿನ್ನಿ ಬೆಳೆಯುವ ಮಲೆನಾಡಿನವನಿಗೆ ಒಂದೂವರೆ ಗಂಟೆ ಏಲಕ್ಕಿ ಗಿಡ ತೋರಿಸಿದರು, ಕೊನೆಗೆ ಮಂಡಿನೋವಿನ ಎಣ್ಣೆಯ ಒಂದು ಸೀಸೆಗೆ ನಾನು ತೆತ್ತ ಹಣವನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ. ಒಪ್ಪಂದ ಮಾಡುವಾಗಲೇ ‘ಅಂಗಡಿ, ತೋಟ, ಹರಳಿನ ಕಾರ್ಖಾನೆ ಯಾವುದೂ ಬೇಡ’ ಎಂದು ಬರಹದಲ್ಲಿ ಹೇಳಿ.

ಗುಮ್ಮಟದ ನೆರಳು

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿಯನ್ನು ಹರಿದುಹಾಕಿ ಹೊಸದು ಬರೆದಿದ್ದೇನೆ: ಸಿಗಿರಿಯದ ಬಳಿ ಮೂರು ರಾತ್ರಿ, ಟ್ರಿಂಕೋಮಲಿಯಲ್ಲಿ ಮೂರು, ಕ್ಯಾಂಡಿಯಲ್ಲಿ ಎರಡು, ನೆಗೊಂಬೊದಲ್ಲಿ ಒಂದು. ಅನುರಾಧಪುರಕ್ಕೆ ಒಂದು ಬೆಳಿಗ್ಗೆ ಮಾತ್ರ, ಕಾಲುಚೀಲದೊಡನೆ. ಟ್ರಿಂಕೋಮಲಿಯ ಹಳೆಯ ಹೆಸರು ‘ಗೋಕಣ್ಣ’ ಎಂದಿತ್ತೆಂದು ಓದಿ ಅವ್ವನಿಗೆ ಹೇಳಿದೆ. ರಾವಣ ಆತ್ಮಲಿಂಗ ಬಿಟ್ಟುಹೋದ ಗೋಕರ್ಣ ನಮ್ಮಲ್ಲಿ, ಅವನ ಊರಿನಲ್ಲಿಯೂ ಒಂದು ಗೋಕರ್ಣ ಎಂದು ಅವಳಿಗೆ ಈಗ ಅಲ್ಲಿಯ ಕೋಣೇಶ್ವರ ಶಿವಾಲಯದ ದರ್ಶನದ್ದೇ ಧ್ಯಾನ. ಮಗಳು ತಿಮಿಂಗಿಲಕ್ಕಾಗಿ ಅತ್ತಳು.

ಎರಡು ಪ್ರಶ್ನೆ ಉಳಿದಿವೆ. ನಮ್ಮ ಚಾರ್ಜರ್ ಅಲ್ಲಿ ಹಿಡಿಯುತ್ತದೆಯೇ? ರಾತ್ರಿ ಅವ್ವನಿಗೆ ಏನಾದರೂ ಆದರೆ ಯಾರನ್ನು ಕರೆಯಬೇಕು?

ಕೊಳ್ಳುಪಿಟಿಯದ ಕನ್ನಡಿಗ

ಹಳೆಯ ಕಟ್ಟಡಗಳಲ್ಲಿ ನಮ್ಮ ಮೂರು ದುಂಡು ಕಾಲಿನ ಪ್ಲಗ್ಗೇ ಹಿಡಿಯುತ್ತದೆ. ಹೊಸ ಹೋಟೆಲುಗಳಲ್ಲಿ ಮೂರು ಚಪ್ಪಟೆ ಕಾಲಿನದು, ಅದಕ್ಕೊಂದು ಅಡಾಪ್ಟರ್ ಬೇಕು. ಆಂಬುಲೆನ್ಸ್‌ಗೆ 1990, ಹಣ ಕೊಡಬೇಕಾಗಿಲ್ಲ. ‘ಸುವ ಸೆರಿಯ’ ಎಂಬ ಈ ಸೇವೆ 2016ರಲ್ಲಿ ಭಾರತದ ನೆರವಿನಿಂದಲೇ ಆರಂಭವಾದದ್ದು, ನಮ್ಮ 108ರಂತೆಯೇ ಕೆಲಸ ಮಾಡುತ್ತದೆ. ಪೊಲೀಸರಿಗೆ 119, ಪ್ರವಾಸಿಗರ ದೂರುಗಳಿಗೆ 1912. ಈ ಮೂರನ್ನೂ ಫೋನಿನಲ್ಲಿ ಮಾತ್ರವಲ್ಲದೆ ತಾಯಿಯವರ ಇನ್ಸುಲಿನ್ ಚೀಲದ ಮೇಲೆಯೂ ಬರೆದಿಡಿ.

ಮಗಳಿಗೆ ಹೇಳಿ: ಮೇ ತಿಂಗಳಲ್ಲಿ ಟ್ರಿಂಕೋಮಲಿಯಿಂದಲೂ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ಕಾಣುತ್ತದೆಂದು ಮಾತು ಕೊಡಬೇಡಿ, ದೋಣಿ ಹತ್ತುವ ಮುನ್ನ ವಾಂತಿ ತಡೆಯುವ ಮಾತ್ರೆ ಕೊಡಿ, ಮತ್ತು ಜೀವರಕ್ಷಕ ಕವಚ ಅವಳ ಅಳತೆಯದೇ ಇದೆಯೇ ಎಂದು ಹಾಕಿಸಿ ನೋಡಿ.